ಮಗುಚಿಟ್ಟ ದೋಣಿ

"ಶಶೀ, ನಿಮ್ಮೂರೋನಂತೆ, ಯಾವನೋ ಗೇಟ್ ತಾವ ನಿಂತವ್ನೆ ನೋಡು!"

ಮನೆಯೊಡತಿ ಅಂಜಿನಮ್ಮ ಕೆಳಗಿನಿಂದ ಕೂಗಿದಾಗ ಶಶಿಕಲಾ ತಾಯಿ ಗುತ್ಯಮ್ಮನ ಪಾದಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಊದಿಕೊಂಡ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಆ ಗುಳಿ ಮತ್ತೆ ತುಂಬಿಕೊಳ್ಳಲು ಹೋದ ವಾರಕ್ಕಿಂತ ಈಗ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅದನ್ನು ನೋಡಬಾರದೆಂದುಕೊಂಡರೂ ಅವಳು ದಿನವೂ ಒತ್ತಿ ನೋಡುತ್ತಿದ್ದಳು.

"ಬ್ಯಾಗ್ ನೋಡುದ್ರೆ ವರ್ಸೊಪ್ಪತ್ತು ಇರೋಕ್ ಬಂದಂಗೈತೆ. ನೀರಿನ ದುಡ್ಡು ಜಾಸ್ತಿ ಕೊಡ್ಬೇಕಾಯ್ತದೆ, ಈಗ್ಲೇ ಯೋಳಿವ್ನಿ!"

ಮೆಟ್ಟಿಲು ಹತ್ತಿ ಬಂದವನು ರಾಜೇಂದ್ರ, ಶಶಿಕಲಾಳ ಚಿಕ್ಕಪ್ಪನ ಮಗ. ಹೆಗಲಲ್ಲಿ ದೊಡ್ಡ ಚೀಲ, ಕಂಕುಳಲ್ಲಿ ಸುತ್ತಿದ ಕಂಬಳಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಬೆಳಗಿನಿಂದ ಬೆಂಗಳೂರಂಚಿನ ಮಾದನಾಯಕನಹಳ್ಳಿಯ ಗೋದಾಮುಗಳ ನಡುವೆ ವಿಳಾಸ ಹುಡುಕಿ ಅವನ ಮುಖ ಬಾಡಿತ್ತು. ಆದರೂ ಬಾಗಿಲಲ್ಲಿ ನಿಂತು ಹಲ್ಲು ಬಿಟ್ಟ.

"ಅಕ್ಕಾ, ಬಂದೇಬಿಟ್ಟೆ. ನಾಳಿಂದಲೇ ಡ್ಯೂಟಿಯಂತೆ."

ಗೋಡೆಗೆ ಒರಗಿ ಕೂತಿದ್ದ ಗುತ್ಯಮ್ಮ ಕಣ್ಣು ತೆರೆದಳು. ಅವನು ಹೇಗಿದ್ದಾನೆ, ಊಟವಾಯಿತೇ, ಒಂದನ್ನೂ ಕೇಳಲಿಲ್ಲ.

"ರಾಜಾ, ದೋಣಿ ಯಾರ ಕೈಗೆ ಕೊಟ್ಟು ಬಂದ್ಯೋ?"

ಅವರ ಊರು ಕೂರ್ಲಬೈಲಿನಲ್ಲಿ ಇರುವುದು ಒಂಬತ್ತು ಮನೆ. ಹಿಂದೆ ಬಿಸಿಲು ನೆಲಕ್ಕೆ ಬೀಳದಂಥ ಕಾಡು, ಮುಂದೆ ಹೊಳೆ. ಉಪ್ಪಾಗೆ ಹಣ್ಣಿನ ಸಿಪ್ಪೆ ಹೊಗೆಗೆ ಒಣಗಿಸಿ, ಜೇನು ಇಳಿಸಿ, ಒಂದಿಷ್ಟು ಗದ್ದೆ ಮಾಡಿ ಬದುಕುವ ಜನ. ಆಚೆ ದಡಕ್ಕೆ ಹೋದರೆ ಜೀಪು, ಜೀಪಿನಿಂದ ಬಸ್ಸು, ಬಸ್ಸಿನಿಂದ ಆಸ್ಪತ್ರೆ. ಸೇತುವೆಗೆಂದು ಎರಡು ಸಲ ಅಳತೆಯವರು ಬಂದು ಬಂಡೆಗೆ ಕೆಂಪು ಬಣ್ಣ ಬಳಿದು ಹೋಗಿದ್ದರು. ಮಕ್ಕಳಿಲ್ಲವೆಂದು ಶಾಲೆ ಮುಚ್ಚಿತ್ತು. ದೋಣಿ ಹುಟ್ಟು ಹಾಕುವ ತೋಳು ಉಳಿದಿದ್ದು ರಾಜೇಂದ್ರನದೊಂದೇ. ಮುಂಗಾರು ಬಲಿತು ನೀರು ಕೆಂಪಾದರೆ ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕುತ್ತಾರೆ. ಆಮೇಲೆ ಹೊಳೆ ಇಳಿಯುವ ತನಕ, ಕಾಲಲ್ಲಿ ಬಲವಿದ್ದವರು ಕಾಡಿನೊಳಗೆ ಇಡೀ ದಿನ ನಡೆದು ಘಟ್ಟದ ರಸ್ತೆ ಸೇರಬೇಕು. ಇಲ್ಲದವರು ಇದ್ದಲ್ಲೇ ಇರಬೇಕು.

ಆ ದೋಣಿಗೆ ಒಂದು ಕಟ್ಟಳೆ ಇತ್ತು. ಅದರಲ್ಲಿ ಹೆಣ ಹಾಕುವಂತಿಲ್ಲ. ಮದುಮಗಳು, ಅಕ್ಕಿ ಮೂಟೆ, ಕರು, ಬಾಣಂತಿ ಎಲ್ಲವೂ ದಾಟುವುದು ಅದರಲ್ಲೇ ಆದ್ದರಿಂದ ಹಿರಿಯರು ಹಾಗೆ ಕಟ್ಟು ಮಾಡಿದ್ದರು. ಆಚೆ ಹೋಗಿ ಸತ್ತವರನ್ನು ಆಚೆಯೇ ಸುಡಬೇಕು. ಗುತ್ಯಮ್ಮನ ಗಂಡ ಸಾಗರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಗಂಡಸರು ದಾಟಿ ಹೋಗಿ ಕೆಲಸ ಮುಗಿಸಿದ್ದರು. ಈಚೆ ದಡದಲ್ಲಿ ನಿಂತು ಅವಳು ಹೊಗೆ ನೋಡಿದ್ದಳು. ಅಂದಿನಿಂದ ಪ್ರತಿ ಅಮಾವಾಸ್ಯೆ ಅವನ ಎಡೆಯನ್ನು ನೀರಿನಂಚಿನ ತನಕ ಒಯ್ದು ಅಲ್ಲೇ ಇಟ್ಟು ಬರುತ್ತಿದ್ದಳು. ಮಗಳು ಬೆಂಗಳೂರಿಗೆ ಕರೆತರುವಾಗಲೂ ಅವಳು ಹೇಳಿದ್ದು ಒಂದೇ ಮಾತು: "ಮದ್ದು ಮಾಡ್ಸು, ಬೇಡ ಅನ್ನಲ್ಲ. ಆದ್ರೆ ಉಸಿರು ಇದ್ದಾಗ್ಲೇ ಹೊಳೆ ದಾಟ್ಸು."

ಶಶಿಕಲಾ ಮಾತು ಕೊಟ್ಟಿದ್ದಳು. ಹೊಟ್ಟೆಯ ಗಡ್ಡೆ ಯಕೃತ್ತಿಗೆ ಹರಡಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು ದೊಡ್ಡಾಸ್ಪತ್ರೆಯ ವೈದ್ಯರು ಹೇಳಿದಾಗ ಹೋದ ಭಾನುವಾರಕ್ಕೇ ಊರು ಸೇರುವುದೆಂದು ನಿಶ್ಚಯವಾಗಿತ್ತು. ಆದರೆ ಕೊನೆಯ ಗಳಿಗೆಯಲ್ಲಿ, ಇನ್ನೊಂದು ಸ್ಕ್ಯಾನ್ ಬರಲಿ, ಅದರಲ್ಲಿ ಗಡ್ಡೆ ಕುಗ್ಗಿರಬಹುದು ಎಂದು ಅವಳಿಗೆ ಅನ್ನಿಸಿತು. ಪ್ರಯಾಣ ಒಂದು ವಾರ ಮುಂದೆ ಹೋಯಿತು. ರಾಜೇಂದ್ರನಿಗೆ ವಾಟ್ಸಾಪಿನಲ್ಲಿ ಸಂದೇಶ ಕಳಿಸಿದಳು. ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿರಲಿಲ್ಲ. ನಾಳೆ ರಾತ್ರಿಯ ಬಸ್ಸಿಗೆ ಸೀಟು ಕಾದಿರಿಸಿ, ಗುತ್ಯಮ್ಮನ ಎರಡು ಸೀರೆ ಮಡಿಸಿಟ್ಟಾಗಿತ್ತು.

"ಕೇಳ್ತಿದೀನಲ್ಲ ಮಾರಾಯ. ದೋಣಿ?"

ರಾಜೇಂದ್ರ ಚೀಲ ಕೆಳಗಿಟ್ಟ. ಮೊದಲು ದೊಡ್ಡಮ್ಮನನ್ನು, ಆಮೇಲೆ ಶಶಿಕಲಾಳನ್ನು ನೋಡಿದ. ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಮಗುಚಿಟ್ಟು ಬಂದೆ ದೊಡ್ಡವ್ವಾ. ಅಮರಪ್ಪಜ್ಜ, ಇನ್ನಿಬ್ರು ಮುದುಕ್ರು, ಹೆಂಗಸ್ರು ಎಲ್ಲ ಸೇರಿ ಎಳೆದ್ವಿ. ಅಜ್ಜ ಸೊಂಟ ಹಿಡ್ಕಂಡು, 'ನೀ ಬೆಂಗ್ಳೂರಲ್ಲಿ ಲಿಫ್ಟಲ್ಲಿ ಹೋಗು ಮಗನೇ, ನಾ ಇಲ್ಲಿ ಅಂಬೆಗಾಲಲ್ಲಿ ಹೋಗ್ತೀನಿ' ಅಂತ ಬೈದ."

"ಇಷ್ಟು ಬೇಗನಾ?" ಎಂದಳು ಶಶಿಕಲಾ. "ಈ ಭಾನುವಾರ ಬತ್ತೀವಿ ಅಂತ ಮೆಸೇಜ್ ಹಾಕಿದ್ನಲ್ಲೋ."

"ಯಾವ ಮೆಸೇಜು?" ಅವನು ಜೇಬಿನಿಂದ ಫೋನು ತೆಗೆದ. "ಗುಡ್ಡ ಹತ್ತಿದ್ರೆ ತಾನೆ ಸಿಗ್ನಲ್ಲು. ನೆಟ್ ಪ್ಯಾಕ್ ಮುಗ್ದು ತಿಂಗ್ಳಾತು, ವಾಟ್ಸಾಪ್ ಬರಲ್ಲ. ಹೋದ ಭಾನುವಾರ ಆಚೆ ದಡದಲ್ಲಿ ದೋಣಿ ಇಟ್ಕಂಡು ಕತ್ತಲಾಗ ತಂಕ ಕಾದೆ. ನೀವು ಬರ್ಲಿಲ್ಲ. ಬುಧವಾರ ಗುಡ್ಡ ಹತ್ತಿದ್ರೆ ನಿಮ್ಮ ಗೋಡೌನಿಂದ ಫೋನು. 'ಶಶಿಕಲಾ ಮೇಡಂ ಹೆಸರು ಹೇಳಿದಾರೆ, ಶನಿವಾರ ಬಂದ್ರೆ ಕೆಲ್ಸ, ಇಲ್ಲಾಂದ್ರೆ ಬೇರೆಯವ್ರಿಗೆ' ಅಂದ್ರು."

ಶಶಿಕಲಾಳ ಎಣ್ಣೆಗೈ ಮಡಿಲಲ್ಲಿ ಹಾಗೇ ಉಳಿಯಿತು. ಅವನ ಹೆಸರನ್ನು ಅವಳು ಕೊಟ್ಟಿದ್ದು ದೀಪಾವಳಿ ಕಳೆದ ಮೇಲೆ, ಅವ್ವನ ಕಾಯಿಲೆ ಗೊತ್ತಾಗುವ ಮೊದಲು. ದೋಣಿ ಹಾಕುವವನಿಗೆ ಹೆಣ್ಣು ಕೊಡುವವರಿಲ್ಲ, ಎಲ್ಲಾದರೂ ಒಂದು ಕೆಲಸ ನೋಡು ಅಕ್ಕಾ ಎಂದು ಅವನು ಗೋಗರೆದಿದ್ದ. ತಾನು ಕೆಲಸ ಮಾಡುವ ಗೋದಾಮಿನ ಸೂಪರ್‌ವೈಸರ್‌ಗೆ ಹೇಳಿ ಮರೆತೇಬಿಟ್ಟಿದ್ದಳು.

"ನೀನೇ ಕರೆಸಿದ್ದು ಅಂದ್ಕಂಡೆ ಅಕ್ಕಾ." ರಾಜೇಂದ್ರನ ದನಿ ಈಗ ಸಣ್ಣದಾಗಿತ್ತು. "ದಾಟೋರು ಇನ್ನೂ ಇರುವಾಗ ದೋಣಿಯೋನ್ನ ಯಾರಾದ್ರೂ ಕರೆಸ್ತಾರಾ? ಅಕ್ಕ ನನ್ನ ಕರೆಸ್ತಾಳೆ ಅಂದ್ರೆ ದೊಡ್ಡವ್ವನ್ನ ಇಲ್ಲೇ ಇಟ್ಕಳಾ ಮನಸು ಮಾಡಿದಾಳೆ ಅಂತ ಅರ್ಥ. ಊರಲ್ಲಿ ಎಲ್ರೂ ಹಂಗೇ ಅಂದ್ರು."

ಕೂರ್ಲಬೈಲಿನಲ್ಲಿ ಅದಕ್ಕೆ ಬೇರೆ ಅರ್ಥವಿರಲು ಸಾಧ್ಯವೇ ಇರಲಿಲ್ಲ. ಅದು ಶಶಿಕಲಾಳಿಗೂ ಗೊತ್ತಿತ್ತು.

"ವಾಪಸ್ ಹೋಗ್ತೀನಿ," ಎಂದು ಅವನು ಚೀಲಕ್ಕೆ ಕೈ ಹಾಕಿದ. "ಈಗ್ಲೇ ಹೊರಟ್ರೆ ಬೆಳಿಗ್ಗೆ ಘಟ್ಟದ ರಸ್ತೆ, ಸಂಜೆಗೆ ಊರು. ದೋಣಿ ಇಳಿಸ್ತೀನಿ. ಕೆಲ್ಸ ಹೋದ್ರೆ ಹೋತು."

ಗುತ್ಯಮ್ಮ ಕೈಯೆತ್ತಿ ತಡೆದಳು. ಮುಂಗೈಯಲ್ಲಿ ಸೂಜಿ ಚುಚ್ಚಿದ ಜಾಗಗಳು ಹಳದಿ, ನೀಲಿ ಬಣ್ಣಕ್ಕೆ ತಿರುಗಿದ್ದವು.

"ನೀ ಹೊರಡುವಾಗ ಕೋಣನ ಬಂಡೆ ಎಷ್ಟು ಕಾಣ್ತಿತ್ತು?"

ಹೊಳೆಯ ನಡುವಿನ ಆ ಬಂಡೆಯನ್ನು ನೋಡಿಯೇ ಊರಿನವರು ನೀರು ಅಳೆಯುತ್ತಿದ್ದರು. ರಾಜೇಂದ್ರ ತಲೆ ತಗ್ಗಿಸಿದ. ಸುಳ್ಳು ಹೇಳಬಹುದಿತ್ತು. ಆದರೆ ಹೊಳೆಯ ವಿಷಯದಲ್ಲಿ ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ.

"ಬೆನ್ನು ಮಾತ್ರ."

"ನಿನ್ನೆ ಮಳೆ?"

"ಕಾಡಲ್ಲಿ ದಾರಿ ಪೂರ್ತಿ ಹೊಡೀತು. ಕಾಲಿಗೆ ಕಚ್ಚಿದ ಉಂಬಳ ಕಿತ್ತು ಕಿತ್ತು ಸಾಕಾತು."

"ಹಂಗಾರೆ ಇವತ್ತು ಮುಳುಗಿರ್ತದೆ," ಎಂದಳು ಗುತ್ಯಮ್ಮ. ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. "ಮುಳುಗಿದ್ ಮೇಲೆ ದೋಣಿ ಇಳಿಸ್ಬಾರ್ದು. ಕೆಲ್ಸ ಸಿಕ್ತಲ್ಲ, ಇನ್ನು ಹೆಣ್ಣೂ ಸಿಗ್ತದೆ, ಹೊಳೆ ಪಾಲಾಗ್ಬೇಡ. ಕೈಕಾಲು ತೊಳ್ಕ, ಉಣ್ಣು."

"ಅವ್ವಾ, ಭಾನುವಾರ ನಾನೇ..." ಎಂದಳು ಶಶಿಕಲಾ.

"ಎಂತ ನೀನೇ? ಸ್ಕ್ಯಾನಲ್ಲಿ ಚಲೋ ಬಂದಿದ್ರೆ ನಿನ್ನ ಹೊಗಳ್ತಿದ್ದೆ. ಬರ್ಲಿಲ್ಲ, ಬಿಡು. ಅವನಿಗೆ ಬಡಿಸು ಮೊದ್ಲು."

ಶಶಿಕಲಾ ಎದ್ದು ತಟ್ಟೆಯಿಟ್ಟಳು. ಅನ್ನ ಬಡಿಸಿದಳು. ರಾಜೇಂದ್ರ ಎರಡು ತುತ್ತು ತಿಂದು, ಮೂರನೆಯದನ್ನು ಕಲಸುತ್ತಾ ಕೂತ. ಅಷ್ಟರಲ್ಲಿ ಅಂಜಿನಮ್ಮ ಸೆರಗಿನಲ್ಲಿ ಬಟ್ಟಲು ಹಿಡಿದು ಏದುಸಿರು ಬಿಡುತ್ತಾ ಮೇಲೆ ಬಂದಳು.

"ಬಸ್ಸಾರು ಕಣಮ್ಮಿ. ದೂರದಿಂದ ಬಂದವ್ನೆ, ಉಣ್ಲಿ ಅಂತ ತಂದೆ. ನೀರಿನ ದುಡ್ಡು ಅಂದಿದ್ದು ತಮಾಸೆಗೆ ಕಣಪ್ಪಾ, ಅದ್ಕೇ ಮಕ ಇಂಗೆ ಮಾಡ್ಕಂಡಿದ್ದೀಯಾ?" ಆಮೇಲೆ ಗುತ್ಯಮ್ಮನ ಕಡೆ ತಿರುಗಿ, "ನಾಳೀಕೆ ಒಂಟೋಯ್ತೀಯಲ್ಲವ್ವಾ ಊರ್ಗೆ, ನಂಗೆ ಮಾತಿಗ್ ಯಾರೂ ಇಲ್ದಂಗಾಯ್ತದೆ," ಎಂದಳು.

"ಹೋಗದಿಲ್ಲ," ಎಂದಳು ಗುತ್ಯಮ್ಮ. ರೇಷನ್ ಅಂಗಡಿ ಎಲ್ಲಿದೆ ಎಂದು ಕೇಳುವ ಹಾಗೆ ಕೇಳಿದಳು: "ಇಲ್ಲಿ ಸುಡೋದು ಎಲ್ಲಿ ಅಂಜಿನಮ್ಮಾ?"

ಅಂಜಿನಮ್ಮನ ಕೈಯಲ್ಲಿ ಬಟ್ಟಲು ನಿಂತಿತು. ಅವಳು ಶಶಿಕಲಾಳ ಮುಖ ನೋಡಿದಳು. ಆಮೇಲೆ ಮೆಲ್ಲನೆ ಚಾಪೆಯ ಮೇಲೆ ಕೂತು, ಕೇಳಿದ್ದಕ್ಕೆ ಉತ್ತರ ಕೊಟ್ಟಳು.

"ಕೆರೆ ಕೋಡಿ ತಾವ ಐತೆ ಕಣವ್ವ. ನಮ್ಮೋರು ಊಳ್ತೀವಿ, ಸುಡೋರು ಅಲ್ಲೇ ಪಕ್ದಾಗೆ ಸುಡ್ತಾರೆ. ನಮ್ಮತ್ತೆ, ನಮ್ಮೆಜಮಾನ್ರು ಎಲ್ಲಾ ಅಲ್ಲೇ ಅವ್ರೆ."

"ನೀರೈತಾ ಕೆರೇಲಿ?"

"ಎಲ್ಲಿ ನೀರು? ನಾ ಮದ್ವೆಯಾಗಿ ಬಂದಾಗ ಕೋಡಿ ಬೀಳ್ತಿತ್ತು. ಈಗ ಲಾರಿ ನಿಲ್ಲುಸ್ತಾರೆ."

ಗುತ್ಯಮ್ಮ ತಲೆಯಾಡಿಸಿದಳು. ಅಂಜಿನಮ್ಮ ಅವಳ ಊದಿದ ಪಾದವನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಶಶಿಕಲಾ ಅರ್ಧಕ್ಕೆ ಬಿಟ್ಟಿದ್ದ ಎಣ್ಣೆಯನ್ನು ತಿಕ್ಕತೊಡಗಿದಳು. ರಾಜೇಂದ್ರ ತಟ್ಟೆಯ ಮೇಲೆ ಬಗ್ಗಿ ಕೂತಿದ್ದ. ಅವನ ಭುಜ ಅಲುಗುತ್ತಿತ್ತು. ಶಶಿಕಲಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

ಹೊರಗೆ ಬೀದಿಯ ಕೊನೆಯಲ್ಲಿ ಉದ್ದನೆಯ ಲಾರಿಯೊಂದು ಗೋದಾಮಿನ ಗೇಟಿಗೆ ಹಿಮ್ಮುಖವಾಗಿ ಬರುತ್ತಿತ್ತು. ಕ್ಲೀನರ್ ಅದರ ಹಿಂಬದಿಯನ್ನು ಕೈಯಿಂದ ಬಡಿಯುತ್ತಾ ಕೂಗುತ್ತಿದ್ದ: "ಬರ್ಲಿ... ಬರ್ಲಿ... ಇನ್ನೊಂಚೂರು ಬರ್ಲಿ..."

ಗುತ್ಯಮ್ಮ ಕಿಟಕಿಯತ್ತ ಕತ್ತು ತಿರುಗಿಸಿ ದೋಣಿಯನ್ನು ದಡಕ್ಕೆ ಕರೆಯುವಂತಿದ್ದ ಆ ದನಿಯನ್ನು ಕೇಳುತ್ತಾ ಕೂತಳು. ಲಾರಿ ನಿಂತು, ಎಂಜಿನ್ ಆರಿ, ಬೀದಿ ಮೌನವಾದ ಮೇಲೂ ಅವಳ ಮುಖ ಆ ಕಡೆಗೇ ಇತ್ತು.