ಇಪ್ಪತ್ತಕ್ಕೆ ಹದಿನಾರು

ಹಿರಿಯರ ಹಗಲುಮನೆಗೆ ಪ್ರಶ್ನಾವಳಿಯ ಹಾವಳಿ ಶುರುವಾದದ್ದು ಒಂದು ಸೋಮವಾರ. ತಂದವಳು ಡಾಕ್ಟರಮ್ಮನ ಕೈಕೆಳಗಿನ ಹುಡುಗಿ. ಯಾವುದೋ ದೇಶದ ಮುದುಕರ ಬೇಸರ ಅಳೆಯಲು ಯಾರೋ ಬರೆದ ಇಪ್ಪತ್ತು ಪ್ರಶ್ನೆಗಳನ್ನು ಅವಳು ವರ್ಷವಿಡೀ ಕೂತು ನಮ್ಮ ಮಾತಿಗೆ ತಂದಿದ್ದಳು. ಬೇಸರದ ಉತ್ತರಕ್ಕೆ ಒಂದು ಅಂಕ, ನೆಮ್ಮದಿಯ ಉತ್ತರಕ್ಕೆ ಸೊನ್ನೆ. ಇವತ್ತು ಕೇಳಬೇಕು, ಎರಡು ವಾರ ಬಿಟ್ಟು ಅವರನ್ನೇ ಮತ್ತೆ ಕೇಳಬೇಕು. ಎರಡೂ ಸಲದ ಉತ್ತರ ಹೆಚ್ಚುಕಮ್ಮಿ ತಾಳೆಯಾದರೆ ಪ್ರಶ್ನಾವಳಿ ಪಾಸು. ಇಲ್ಲವಾದರೆ ವರ್ಷದ ದುಡಿಮೆ ಕಸದ ಬುಟ್ಟಿಗೆ, ಹುಡುಗಿ ಮನೆಗೆ.

ಮೂರನೆಯ ಪ್ರಶ್ನೆಗೇ ಎಡವಟ್ಟಾಯಿತು.

“ಅಜ್ಜಿ, ಇತ್ತೀಚೆಗೆ ನೀವು ಕೆಳಗಿದ್ದೀರಾ?”

“ಕೆಳಗೇ ಕಣಮ್ಮ. ಮೇಲೆ ಹತ್ತೋಕೆ ಈ ಮೊಣಕಾಲು ಪರ್ಮಿಷನ್ ಕೊಡ್ಬೇಕಲ್ಲ!” ಎಂದಳು, ಬಟ್ಟೆ ಹೊಲಿದೇ ತಲೆ ನರೆಸಿಕೊಂಡಿದ್ದ ಟೈಲರಜ್ಜಿ.

ಪ್ರಶ್ನೆಯ ತವರಿನಲ್ಲಿ ಮನಸ್ಸು ಕುಗ್ಗಿದವರು ‘ಕೆಳಗಿರುತ್ತಾರೆ’. ಇಲ್ಲಿ ಕೆಳಗಿರುವವರಿಗೆ ಮೆಟ್ಟಿಲಿನ ಕಾಟವಿಲ್ಲ, ಅಷ್ಟೇ. ಹುಡುಗಿ ಪೆನ್ನಿನ ತಲೆ ಕಚ್ಚಿ ‘ಹೌದು’ ಎಂದು ಗುರುತು ಹಾಕಿದಳು.

ಹನ್ನೆರಡನೆಯವರಾಗಿ ಕೊನೆಗೆ ಬಂದವರು ಲೆಕ್ಕದ ಮೇಷ್ಟ್ರು. ಹೆಂಡತಿ ಹೋದ ಮೇಲೆ ಅವರು ಕಿಟಕಿ ಪಕ್ಕದ ಕುರ್ಚಿ ಹಿಡಿದರು, ಮಾತು ಬಿಟ್ಟರು. ಊಟದ ಡಬ್ಬಿ ಹೇಗೆ ತುಂಬಿ ಬರುತ್ತಿತ್ತೋ ಹಾಗೇ ವಾಪಸ್ಸು ಹೋಗುತ್ತಿತ್ತು. ಪ್ರಶ್ನೆಪತ್ರಿಕೆ ಕಂಡರೆ ಮಾತ್ರ ಬೆನ್ನು ತಾನಾಗಿ ನೆಟ್ಟಗಾಗುವ ಜಾತಿ.

“ಬೆಳಿಗ್ಗೆ ಏಳೋಕೆ ಕಾರಣಾನೇ ಇಲ್ಲ ಅನ್ಸುತ್ತಾ?”

“ಹೌದು.”

“ನಿಮ್ಮಿಂದ ಯಾರಿಗೂ ಉಪಯೋಗ ಇಲ್ಲ ಅನ್ಸುತ್ತಾ?”

“ಹೌದು.”

ಹುಡುಗಿಯ ಪೆನ್ನು ನಿಧಾನವಾಯಿತು. ಕೂಡಿದರೆ ಇಪ್ಪತ್ತಕ್ಕೆ ಹದಿನಾರು.

“ಮೇಷ್ಟ್ರೇ, ಈ ಚೀಟಿ ತಗೊಂಡು ಡಾಕ್ಟರಮ್ಮನ್ನ ನೋಡಿ. ತಪ್ಪಿಸ್ಬೇಡಿ,” ಎಂದು ಹೇಳಿ ಅವಳು ಹೊರಟಳು.

ಅಂಕ ಯಾರಿಗೂ ಹೇಳಬಾರದೆಂಬುದು ನಿಯಮ. ಆದರೆ ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದ ಕಣ್ಣಿಗೆ ಮೇಜಿನ ಆಚೆಯ ಹದಿನಾರು ತಲೆಕೆಳಗಾಗಿಯೂ ಕಂಡಿತ್ತು. ಪಕ್ಕದ ಹಾಳೆಯೂ ಕಂಡಿತ್ತು.

“ನಿಮ್ದು ಮೂರೇ ಮೂರು,” ಎಂದರು ಟೈಲರಜ್ಜಿಗೆ. ಎಷ್ಟೋ ತಿಂಗಳ ಮೇಲೆ ತಾವಾಗಿ ಆಡಿದ ಮಾತು. “ಫೇಲು.”

“ಅಯ್ಯೋ! ನಿಮ್ದು?”

“ಹದಿನಾರು.”

“ಅದಕ್ಕೇ ಡಾಕ್ಟರಮ್ಮ ಚೀಟಿ ಕಳಿಸಿ ಕರೆದಿರೋದು! ನಮಗೂ ಒಂಚೂರು ಹೇಳ್ಕೊಡಿ ಮೇಷ್ಟ್ರೇ. ಎರಡು ವಾರಕ್ಕೆ ಮತ್ತೆ ಪರೀಕ್ಷೆ ಇದೆಯಂತೆ.”

ಎರಡು ವಾರದ ಮೇಲೆ ಹುಡುಗಿ ಬಂದಾಗ ಗೋಡೆಗೆ ಕರಿಹಲಗೆ ಒರಗಿತ್ತು. ಹನ್ನೊಂದು ಕುರ್ಚಿ ಸಾಲಾಗಿ ಕೂತಿದ್ದವು. ಟೈಲರಜ್ಜಿ ಮುಖ ಅರಳಿಸಿಕೊಂಡು ಎದುರು ಕೂತಳು.

“ಬದುಕೇ ಸಾಕಾಗಿದೆ, ನಗು ಅನ್ನೋದೇ ಮರೆತುಹೋಗಿದೆ. ಬೇಗ ಬರ್ಕೋಮ್ಮ, ಟೀ ಆರ್ತಿದೆ.”

ಹದಿನೆಂಟು. ಮುಂದಿನವರದೂ ಹದಿನೆಂಟು. ಹನ್ನೊಂದು ಜನರೂ ಭರ್ಜರಿ ಖಿನ್ನತೆಯಲ್ಲಿ ಪಾಸಾಗಿ, ಪರಸ್ಪರ ಬೆನ್ನು ತಟ್ಟಿಕೊಂಡು ನಗುತ್ತಿದ್ದರು. ಹುಡುಗಿಗೆ ಅಳುವೊಂದು ಬಾಕಿ. ಕೊನೆಗೆ ಮೇಷ್ಟ್ರು.

“ಬೆಳಿಗ್ಗೆ ಏಳೋಕೆ ಕಾರಣ ಇಲ್ಲ ಅನ್ಸುತ್ತಾ?”

“ಯಾಕಿಲ್ಲ? ಒಂಬತ್ತಕ್ಕೆ ಕ್ಲಾಸು. ಈ ದಡ್ಡರ ಮನೆಗೆಲಸ ತಿದ್ದೋರ್ಯಾರು?”

ಇಪ್ಪತ್ತಕ್ಕೆ ನಾಲ್ಕು. ಮೇಷ್ಟ್ರು ಬಗ್ಗಿ ನೋಡಿ ಬೆಚ್ಚಿದರು. “ಶಿಷ್ಯರೆಲ್ಲ ಹದಿನೆಂಟು, ಗುರು ನಾಲ್ಕಾ! ಮಾನ ಹೋಗುತ್ತೆ ತಾಯಿ. ಹೋದ ಸಲದ್ದೇ ಬರ್ಕೊಂಬಿಡು.”

ಹೋದ ಸಲದ್ದು! ಹನ್ನೆರಡೂ ಹಾಳೆ ಅವಳ ಚೀಲದಲ್ಲೇ ಇದ್ದವು. ನೋಡಿ ನಕಲು ಮಾಡಿದರೆ ಎಲ್ಲ ತಾಳೆಯಾಗುತ್ತದೆ, ಕೆಲಸವೂ ಉಳಿಯುತ್ತದೆ. ಕೈ ಚೀಲದವರೆಗೆ ಹೋಯಿತು. ಅಲ್ಲೇ ಮೇಷ್ಟ್ರ ಡಬ್ಬಿ ಇತ್ತು. ಮುಚ್ಚಳ ತೆರೆದಿತ್ತು, ಒಳಗೆ ತಳ ಹೊಳೆಯುತ್ತಿತ್ತು.

ಅವಳು ಪೆನ್ನಿಗೆ ಕ್ಯಾಪ್ ಹಾಕಿದಳು. “ಮೇಷ್ಟ್ರೇ, ಇದು ಜಾಣತನದ ಅಂಕ ಅಲ್ಲ. ಬೇಸರದ ಲೆಕ್ಕ. ಕಮ್ಮಿ ಆದಷ್ಟೂ ಒಳ್ಳೇದು.”

ಮೇಷ್ಟ್ರು ಹಾಳೆಯ ಮೇಲಿನ ನಾಲ್ಕನ್ನು ಮತ್ತೆ ಬಗ್ಗಿ ನೋಡಿದರು.

“ಅಂದ್ರೆ ಅವತ್ತು ನಾನು...”

“ತುಂಬಾ ಕಷ್ಟದಲ್ಲಿದ್ರಿ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಇದ್ದೆ,” ಎಂದರು.

“ಅಂದ್ರೆ ಮೂರು ತಗೊಂಡ ನಾನೇ ಫಸ್ಟು!” ಟೈಲರಜ್ಜಿ ಎದ್ದೇ ನಿಂತಳು. “ಎರಡು ವಾರ ಸುಮ್ನೆ ಬಾಯಿಪಾಠ ಮಾಡಿಸಿದ್ರಲ್ರೀ!”

ಮರುದಿನ ಡಾಕ್ಟರಮ್ಮ ಹಾಳೆಗಳನ್ನು ಮಗುಚುತ್ತಿದ್ದಳು. “ಒಂದೂ ತಾಳೆ ಆಗ್ತಿಲ್ಲ. ಸುಮ್ನೆ ಬಿಟ್ಬಿಡೋಣ.”

ಹುಡುಗಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಬಾಗಿಲು ತಟ್ಟಿ ಮೇಷ್ಟ್ರು ಒಳಬಂದರು. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಪ್ರಶ್ನಾವಳಿ. ಅದರ ಮೇಲೆ ಕೆಂಪು ಇಂಕಿನಲ್ಲಿ ‘ಇದು ಪರೀಕ್ಷೆ ಅಲ್ಲ’ ಎಂದು ದಪ್ಪಗೆ ಬರೆದಿತ್ತು. ಮೂರನೆಯ ಪ್ರಶ್ನೆ ಹೊಡೆದುಹಾಕಿ ‘ಮನಸ್ಸು ಕುಗ್ಗಿದೆಯಾ?’ ಎಂದಾಗಿತ್ತು. ಕೊನೆಗೆ ಹೊಸದೊಂದು: ‘ಹೋದ ಸಲಕ್ಕೂ ಈ ಸಲಕ್ಕೂ ನಡುವೆ ಏನಾದರೂ ಬದಲಾಯಿತಾ?’

“ನನ್ನ ಬೇಸರ ಇನ್ನೂ ನಾಲ್ಕು ಅಂಕ ಉಳಿದಿದೆ ಡಾಕ್ಟ್ರೇ, ಅದನ್ನ ನೀವು ನೋಡಿ. ಈ ಪ್ರಶ್ನಾವಳೀನ ನಾವು ತಿದ್ದಿದ್ದೀವಿ.”

ಡಾಕ್ಟರಮ್ಮ ಹದಿನಾರರ ಹಾಳೆ ನೋಡಿದಳು, ನಾಲ್ಕರದು ನೋಡಿದಳು, ಮೇಷ್ಟ್ರನ್ನು ನೋಡಿದಳು. “ಇವರನ್ನೇನೋ ಎರಡು ಸಲಾನೂ ಸರಿಯಾಗೇ ಅಳೆದಿದೆ ಕಣೆ. ಕೇಳೋ ರೀತೀಲಿ ತಪ್ಪಿದೆ. ತಿದ್ದಿ, ಹೊಸದಾಗಿ ಶುರು ಮಾಡು. ಮೇಷ್ಟ್ರೇ, ನೀವು ಕೂತ್ಕೊಳ್ಳಿ.”

ಮೇಷ್ಟ್ರು ಕೂತರು. ಕೂತವರು ಹುಡುಗಿಯ ಕಡೆ ಬೆರಳೆತ್ತಿದರು.

“ಆದ್ರೆ ನಮ್ಮವರನ್ನ ಕೇಳ್ಬೇಡ ಮಗು. ಬೇರೆ ಹಗಲುಮನೆ ಹುಡುಕ್ಕೋ. ನಮ್ಮಲ್ಲಿ ಪೇಪರ್ ಔಟಾಗಿದೆ.”