ಮಂತ್ರ ತಪ್ಪಲಿಲ್ಲ, ಕಣ್ಣು ತಪ್ಪಿತು

ನಮ್ಮ ಕಡೆಯ ರಸ್ತೆಗಳು, ಅವುಗಳ ಗುಂಡಿಗಳು ನಿಮಗೆ ಗೊತ್ತೇ ಇವೆ. ದಾಳಿಂಬ ಎಂಬ ಊರಿನ ರೇವಣಸಿದ್ಧಯ್ಯನವರು ಮನೆಮನೆಗೆ ಹೋಗಿ ಪೂಜೆ ಮಾಡುವ ಅಯ್ಯನವರು. ಒಂದು ಸಂಜೆ ಅವರು ಕೂತ ಟಮಟಮ್ ಆಟೋ ಅಂಥದೇ ಗುಂಡಿಗೆ ಇಳಿಯಿತು. ಅವರ ತಲೆ ಚಾವಣಿಯ ಕಬ್ಬಿಣದ ಸರಳಿಗೆ ಬಡಿಯಿತು. ರಕ್ತ ಬರಲಿಲ್ಲ. ಊದಿದಲ್ಲಿ ಅರಿಶಿನ ಹಚ್ಚಿಕೊಂಡು ಮಲಗಿದರು.

ಬೆಳಿಗ್ಗೆ ತಲೆನೋವು. ಬೆಳಕು ಕಂಡರೆ ಸಿಡಿಮಿಡಿ. ಆದರೂ ಲೋಹಾರಾದಲ್ಲಿ ಹೊಸ ಮನೆಯ ಪೂಜೆಯಿದೆಯೆಂದು ಮೋಟರ್‌ಸೈಕಲ್ ಒರೆಸತೊಡಗಿದರು. ದವಾಖಾನೆಗೆ ಹೋಗೋಣ ಎಂದು ಹೇಳಿ ಹೇಳಿ ಹೆಂಡತಿ ನೀಲಗಂಗಾ ಸೋತಳು. ಅಯ್ಯನವರು ಅಂಗಳದಲ್ಲೇ ನಿಂತು ರುದ್ರ ಪೂರ್ತಿ ಹೇಳಿದರು.

“ಒಂದಕ್ಷರ ತಪ್ಪಿಲ್ಲ. ತಲಿ ಕೆಟ್ಟಿದ್ರ ಇಷ್ಟು ಬರ್ತಿತ್ತೇನ?”

“ಅದು ನಿಮಗ ನಿದ್ದ್ಯಾಗೂ ಬರ್ತದ,” ಎಂದಳು ನೀಲಗಂಗಾ. ಗಾಡಿಯ ಕೀಲಿ ಕಸಿದುಕೊಂಡು ಹೋಗಿ ಆರೋಗ್ಯ ಉಪಕೇಂದ್ರದ ಸಿಸ್ಟರ್ ಪ್ರಣಿತಾಳನ್ನು ಕರೆತಂದಳು.

ಪ್ರಣಿತಾ ಅಯ್ಯನವರ ಮುಂದೆ ಒಂದು ಪೆನ್ನು ಹಿಡಿದು, ತಲೆ ಅಲ್ಲಾಡಿಸದೆ ಕಣ್ಣಿನಿಂದಷ್ಟೇ ಹಿಂಬಾಲಿಸಲು ಹೇಳಿದಳು. ಪೆನ್ನು ಮೆಲ್ಲಗೆ ಸರಿಯಿತು. ಕಣ್ಣು ಮಾತ್ರ ತಡೆತಡೆದು ಜಿಗಿಯಿತು. ಪೆನ್ನನ್ನು ಮೂಗಿನ ಕಡೆಗೆ ತಂದಾಗ, ಅದು ಇನ್ನೂ ದೂರವಿರುವಾಗಲೇ ಎರಡಾಗಿ ಕಂಡಿತು. ಪೆನ್ನೇ ಸರಿಯಿಲ್ಲ ಎಂದು ಅಯ್ಯನವರು ಗೊಣಗಿದರು. ನೀಲಗಂಗಾ ಹಣೆ ಚಚ್ಚಿಕೊಂಡಳು.

“ಅಯ್ಯನವ್ರ, ಬಾಯಿಪಾಠ ಹಳೇ ರೂಢಿ. ತಲಿಗೆ ಪೆಟ್ಟು ಬಿದ್ರೂ ಅದು ಉಳೀಬಹುದು,” ಎಂದಳು ಪ್ರಣಿತಾ. “ಕಣ್ಣು ಆಡಸೂದು ಮಿದುಳಿನ ಕೆಲಸ. ಮಿದುಳು ಅಲುಗಿದ್ರ ಕಣ್ಣು ತಡವರಸ್ತಾವ. ಇದು ಬರೇ ಸುಳಿವು, ಪೂರಾ ಡಾಕ್ಟರೇ ನೋಡಿ ಹೇಳ್ಬೇಕು. ಆದ್ರ ಎದುರಿಗೆ ಬರೂ ಟ್ರ್ಯಾಕ್ಟರ್ ಎರಡು ಕಂಡ್ರ, ನೀವು ಯಾವದಕ್ಕ ಸೈಡ್ ಕೊಡ್ತೀರಿ?”

ಅಯ್ಯನವರು ಗಾಡಿ ಒರೆಸುವ ಬಟ್ಟೆಯನ್ನು ಅಲ್ಲೇ ಬಿಸಾಕಿದರು. ಪೂಜೆಗೆ ತಮ್ಮನ ಮಗ ಸೋಮೇಶ್ವರ ಹೋದ. ಇವರು ಮುಖ ಊದಿಸಿಕೊಂಡೇ ಹೆಂಡತಿಯೊಂದಿಗೆ ಉಮರ್ಗಾದ ದವಾಖಾನೆಗೆ ಹೋದರು. ಡಾಕ್ಟರು ಕಣ್ಣು, ನಡಿಗೆ, ನೆನಪು ಎಲ್ಲ ನೋಡಿ, ಮಿದುಳಿಗೆ ಪೆಟ್ಟಾಗಿದೆ, ನಾನು ಹೇಳುವವರೆಗೂ ಗಾಡಿ ಮುಟ್ಟಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಈಗ ಯಾರಾದರೂ ಬಿದ್ದರೆ ಅಯ್ಯನವರೇ ಮೊದಲು ದವಾಖಾನೆಗೆ ಅಟ್ಟುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ತಲೆಗೆ ಪೆಟ್ಟು ಬಿದ್ದವರು ಚೆನ್ನಾಗಿ ಮಾತಾಡುತ್ತಾರೆಂದು ಸುಮ್ಮನಿರಬೇಡಿ. ಡಾಕ್ಟರಿಗೆ ತೋರಿಸಿ, ಕಣ್ಣಿನ ಚಲನೆ ಪರೀಕ್ಷೆ ಮಾಡಿಸಿ. ಮತ್ತೆ ಮತ್ತೆ ವಾಂತಿ, ಎಚ್ಚರ ತಪ್ಪುವುದು, ಫಿಟ್ಸ್, ಏರುತ್ತಲೇ ಇರುವ ತಲೆನೋವು ಕಂಡರೆ ಯಾವ ಪರೀಕ್ಷೆಗೂ ಕಾಯದೆ ೧೦೮ಕ್ಕೆ ಫೋನ್ ಮಾಡಿ. ಹಠ ಹಿಡಿದರೆ ಜಗಳವಾಡಿಯಾದರೂ ಕರೆದೊಯ್ಯಿರಿ. ಜಗಳವಾಡಲಿಕ್ಕೆ ಅವರು ನಾಳೆಯೂ ಮನೆಯಲ್ಲಿರಬೇಕಲ್ಲ.