ಒಂಬತ್ತನೆಯ ನುಡಿ

ಸತ್ತವಳ ಹಾಡನ್ನು ಸತ್ತವಳ ಮಗಳಿಗೇ ಕಲಿಸಲು ಬಂದವರನ್ನು ಎಲ್ಲಾದರೂ ಕಂಡಿದ್ದೀರಾ? ಬಾರ್ಬ್ರೆ ಕಂಡಳು, ಅದೂ ತನ್ನದೇ ಅಡಿಗೆಮನೆಯಲ್ಲಿ. ಪಕ್ಕದ ಕೋಣೆಯಲ್ಲಿ ತಾಯಿ ಹನೋರಿಯಾ ತೆರೆದ ಪೆಟ್ಟಿಗೆಯೊಳಗೆ ಮಲಗಿದ್ದಳು, ಬೆರಳಿಗೆ ಜಪಮಣಿ ಸುತ್ತಿತ್ತು. ಇಲ್ಲಿ ಮೇಜಿನ ಮೇಲೆ ಚಹಾ ಆರುತ್ತಿತ್ತು. ಎದುರಿಗೆ ಕುಳಿತವರು ಪಾದ್ರಿ ಫಾದರ್ ಕಿಲ್ಬೇನ್, ಮತ್ತೆ ಡಬ್ಲಿನ್‌ನಿಂದ ಬಂದು ಎರಡು ವರ್ಷದಿಂದ ಚರ್ಚಿನ ಹಾಡುಗಾರರನ್ನು ಪಳಗಿಸುತ್ತಿದ್ದ ಡಾರಿನಾ.

"ನಾಳೆ ಪೂಜೇಲಿ ಅಸಲಿ ಐರಿಶ್ ಭಕ್ತಿಗೀತೇನೇ ಇರ್ಲಿ ಬಾರ್ಬ್ರೆ ಅವರೇ, ರೇಡಿಯೋ ಹಾಡೆಲ್ಲ ಬೇಡ," ಎಂದಳು ಡಾರಿನಾ, ಪುಸ್ತಕ ಬಿಡಿಸುತ್ತ. "ಇದು ನೋಡಿ. ಮಗ ಯೇಸೂನ ಮಣ್ಣಿಗಿಟ್ಟು ಮರಿಯಮ್ಮ ಅಳೋ ಹಾಡು. ಎಂಟು ನುಡಿ."

"ಒಂಬತ್ತು," ಎಂದಳು ಬಾರ್ಬ್ರೆ.

"ಪುಸ್ತಕದಲ್ಲಿ ಎಂಟೇ ಇರೋದು."

"ಪುಸ್ತಕಕ್ಕೆ ಹೇಳಿಕೊಟ್ಟೋರು ಯಾರು? ಕೆಳಗೆ ಓದಿ."

ಡಾರಿನಾ ಓದಿದಳು: "ಈ ಕಡಲತೀರದ ಒಬ್ಬ ಹೆಂಗಸಿನಿಂದ ಕೇಳಿದ್ದು, ೧೯೭೪."

"ಆ ಒಬ್ಬ ಹೆಂಗಸು ಪಕ್ಕದ ಕೋಣೇಲಿ ಮಲಗಿದಾಳೆ. ಹೋಗಿ ಕೇಳ್ಕೊಂಡು ಬನ್ನಿ!"

ಫಾದರ್ ಕೆಮ್ಮಿದರು. ಡಾರಿನಾ ಮಾತ್ರ ಜಗ್ಗಲಿಲ್ಲ. "ಇರಬಹುದು. ಆದ್ರೆ ಒಂಬತ್ತನೇದು ಆಮೇಲೆ ಸೇರಿಸಿದ್ದು ಅನ್ಸುತ್ತೆ. ಅಸಲಿ ಅಲ್ಲ."

ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳಂತೆ! ಬಾರ್ಬ್ರೆಯ ಮೈಯೆಲ್ಲ ಉರಿದುಹೋಯಿತು. ಆಮೇಲೆ ಸೇರಿಸಿದ್ದೇನೋ ನಿಜ. ಆ ನುಡಿ ಕೊಲಮ್‌ನದು, ಬಾರ್ಬ್ರೆಯ ಅಣ್ಣನದು. ಜ್ಞಾನಸ್ನಾನಕ್ಕೆ ಮೊದಲೇ ಉಸಿರು ಬಿಟ್ಟ ಕೂಸು. ಇನ್ನೂ ಕ್ರೈಸ್ತವಾಗದ ಕೂಸೆಂದು ಅಂದಿನ ಪಾದ್ರಿ ಅದಕ್ಕೆ ಚರ್ಚಿನ ಮಣ್ಣು ಕೊಡಲಿಲ್ಲ, ಗಂಟೆ ಬಾರಿಸಲಿಲ್ಲ. ಅಪ್ಪ ಸೋಪಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ ಕಡಲಂಚಿನ ಹೊಲದಲ್ಲಿ ಹೂತು ಬಂದ. ಬಾಣಂತಿ ಹನೋರಿಯಾ ಮಲಗಿದಲ್ಲೇ ಮರಿಯಮ್ಮನ ಹಾಡಿಗೆ ಇನ್ನೊಂದು ನುಡಿ ಕಟ್ಟಿ, ಅದರಲ್ಲಿ ಮಗುವಿನ ಹೆಸರಿಟ್ಟಳು. ಮುಂದೆ ಟೇಪು ಹಿಡಿದು ಪ್ರೊಫೆಸರರು ಬಂದಾಗ ಎಂಟು ಹಾಡಿ, ಚಹಾ ಕೊಟ್ಟು ಸಾಗಹಾಕಿದಳು. "ಅವನ ನುಡಿ ಯಂತ್ರದೊಳಗೆ ಹೋಗ್ಬಾರದು ಕಣೇ," ಎಂದು ಮಗಳಿಗೆ ಹೇಳಿದ್ದಳು.

ಮೊನ್ನೆ ಕೊನೆಯುಸಿರೆಳೆಯುತ್ತಿದ್ದಾಗ ಮಗಳ ಕೈ ಹಿಡಿದು ಬೇಡಿದ್ದೂ ಆ ನುಡಿಯನ್ನೇ. "ನಂಗೆ ಮಣ್ಣು ಹಾಕೋಕೆ ಮುಂಚೆ ಅವನ ನುಡೀನೂ ಹಾಡ್ತೀಯೇನೇ? ಅವನಿಗೆ ಯಾರೂ ಹಾಡಿಲ್ಲ." ಬಾರ್ಬ್ರೆ ಮಾತು ಕೊಟ್ಟಿದ್ದಳು. ತಾಯಿ ಐವತ್ತು ವರ್ಷ ಊರಿಗೆ ಬಾಯಿಬಿಡದ್ದನ್ನು ಈ ಇಬ್ಬರ ಮುಂದೆ ಹೇಗೆ ಬಿಡುವುದು?

"ಪೂಜೇಲಿ ಎಂಟೇ ಹಾಡ್ಕೊಳ್ಳಿ," ಎಂದಳು. "ಒಂಬತ್ತನೇದನ್ನ ಗುಂಡಿ ಹತ್ರ ನಾನು ಹಾಡ್ತೀನಿ."

"ಅಲ್ಲಿ ನಿನ್ನಿಷ್ಟ ಕಣಮ್ಮ," ಎಂದರು ಫಾದರ್, ದೊಡ್ಡ ಉಪಕಾರ ಮಾಡಿದವರ ಹಾಗೆ.

ಮರುದಿನ ಡಾರಿನಾಳ ಬಳಗ ಎಂಟು ನುಡಿಗಳನ್ನು ಇಸ್ತ್ರಿ ಹಾಕಿದಂತೆ ಹಾಡಿತು. ಒಂದು ಸುಕ್ಕೂ ಇರಲಿಲ್ಲ, ಜೀವವೂ ಇರಲಿಲ್ಲ. ಬಾರ್ಬ್ರೆ ಹಲ್ಲು ಕಚ್ಚಿ ಕುಳಿತಳು.

ಗುಂಡಿಯ ಬಳಿ ಜಪ ಮುಗಿಯಿತು. ನೆರೆಯ ಗಂಡಸರು ಸನಿಕೆಗೆ ಒರಗಿ ಕಾದರು. ಬಾರ್ಬ್ರೆ ಮುಂದೆ ಬಂದು ಕಣ್ಣು ಮುಚ್ಚಿ ಒಂಬತ್ತನೆಯ ನುಡಿಯ ಮೊದಲ ಸಾಲು ಎತ್ತಿದಳು. ಕೊಲಮ್‌ನ ಹೆಸರು ಬರುವುದು ಎರಡನೆಯ ಸಾಲಿನಲ್ಲಿ.

"ಅಯ್ಯೋ, ಎಂಥಾ ಹಳೇ ಧಾಟಿ!" ಡಾರಿನಾ ಮೊಬೈಲ್ ಎತ್ತಿ ಹಿಡಿದಿದ್ದಳು. "ಒಂದ್ನಿಮಿಷ, ರೆಕಾರ್ಡ್ ಮಾಡ್ಕೋತೀನಿ. ಮೊದಲಿಂದ ಹಾಡಿ."

"ಒಳಗಿಡಿ ಅದನ್ನ."

"ಆಯ್ತಾಯ್ತು." ಮೊಬೈಲ್ ಎದೆಯ ಮಟ್ಟಕ್ಕೆ ಇಳಿಯಿತು, ಅಷ್ಟೇ. ಅದರ ಕೆಂಪು ಚುಕ್ಕಿ ಆರಲಿಲ್ಲ.

"ನಿನ್ನೆ ಅಸಲಿ ಅಲ್ಲ ಅಂದ್ರಲ್ಲ ತಾಯಿ?"

"ನಿನ್ನೆ ನಾನು ಕೇಳಿರ್ಲಿಲ್ವಲ್ಲ!"

ಹಾಡು ಎಂದವಳೂ ಅಮ್ಮನೇ, ಯಂತ್ರಕ್ಕೆ ಕೊಡಬೇಡ ಎಂದವಳೂ ಅಮ್ಮನೇ. ಬಾರ್ಬ್ರೆ ಗುಂಡಿಯೊಳಗೆ ನೋಡಿದಳು. ಯಾವ ಮಾತನ್ನು ಉಳಿಸಲಮ್ಮ?

"ಹಾಡ್ತೀಯೋ, ನಾವು ಶುರು ಮಾಡೋದೋ?" ನೆರೆಯವನೊಬ್ಬ ಮೆಲ್ಲನೆ ಕೇಳಿದ.

"ಮುಚ್ಚಿ," ಎಂದಳು ಬಾರ್ಬ್ರೆ.

ಸನಿಕೆಗಳು ಎದ್ದವು. ಪೆಟ್ಟಿಗೆಯ ಮೇಲೆ ಮಣ್ಣು ಬೀಳುವ ಸದ್ದನ್ನೆಲ್ಲ ಆ ಕೆಂಪು ಚುಕ್ಕಿ ತುಂಬಿಕೊಳ್ಳುತ್ತಲೇ ಇತ್ತು. ಕೊಲಮ್‌ಗೆ ಅವತ್ತೂ ಯಾರೂ ಹಾಡಲಿಲ್ಲ.